ಮುಚ್ಚಳದ ಮೇಲೆ ಸುರಿದ ನೀರು

ಮೇಷ್ಟ್ರಿಗೆ ನಮಸ್ಕಾರ.

ನೀವು ಫೋನ್ ಎತ್ತುವುದನ್ನೇ ಬಿಟ್ಟಿದ್ದೀರಿ, ಅದಕ್ಕೇ ಈ ಕಾಗದ. ನಿಮ್ಮ ಮನೆಯವರು ಹೇಳಿದರು: “ಕಿವಿ ಕೇಳೋ ಮಿಷನ್ನು ಡಬ್ಬೀಲೇ ಇದೆ ಕಣಮ್ಮ. ಜೊತೇಲಿ ಬಂದ ಇಂಗ್ಲಿಷ್ ಪುಸ್ತಕ ಓದಿ, ಬರೆದವನ ಜನ್ಮ ಜಾಲಾಡಿ, ಎತ್ತಿಟ್ಟುಬಿಟ್ರು.” ನನಗೆ ನಗು ಬಂತು. ನಮ್ಮನ್ನೂ ಹಾಗೇ ಜಾಲಾಡುತ್ತಿದ್ದಿರಲ್ಲ!

ಆಫೀಸಿನಲ್ಲಿ ಎಲ್ಲರೂ ‘ಮೇಷ್ಟ್ರು’ ಎನ್ನುತ್ತಿದ್ದ ನಿಮ್ಮ ಕೈಕೆಳಗೆ ಸೇರಿದ ಹೊಸದರಲ್ಲಿ ನಾನು ನೀರು ಕಾಯಿಸುವ ಕೆಟಲ್‌ಗೆ ಕೈಪಿಡಿ ಬರೆದೆ. ನನ್ನ ಇಂಗ್ಲಿಷ್ ವಾಕ್ಯದಲ್ಲಿ ‘ನೀರು ಸುರಿಯಿರಿ’ ಎಂಬುದು ಮೊದಲು ಬಂದಿತ್ತು, ‘ಮುಚ್ಚಳ ತೆಗೆದ ಮೇಲೆ’ ಎಂಬುದು ಆಮೇಲೆ. ನೀವು ಓದುತ್ತ ಓದುತ್ತಲೇ ಮುಚ್ಚಿದ ಕೆಟಲ್ ಮೇಲೆ ಒಂದು ಜಗ್ಗು ನೀರು ಸುರಿದಿರಿ. ನನ್ನ ಮೇಜೆಲ್ಲ ಹೊಳೆ!

“ಓದೋರಿಗೆ ಇಂಗ್ಲಿಷ್ ಮನೆಮಾತಲ್ಲಮ್ಮ. ಕಣ್ಣಿಗೆ ಮೊದಲು ಬಿದ್ದದ್ದನ್ನೇ ಕೈ ಮಾಡುತ್ತೆ. ಮೊದಲು ಮಾಡೋದನ್ನ ಮೊದಲು ಬರಿ” ಎನ್ನುತ್ತ ನೀವೇ ಬಟ್ಟೆ ತಂದು ಒರೆಸಿದಿರಿ. ಆ ಒದ್ದೆ ಮೇಜಿನ ಮುಂದೆ ಕಲಿತದ್ದೇ ಇವತ್ತಿಗೂ ನನಗೆ ಅನ್ನ ಹಾಕುತ್ತಿದೆ.

ನಿಮ್ಮ ಮಿಷನ್ನಿನ ಪುಸ್ತಕವನ್ನು ತರಿಸಿಕೊಂಡು, ತಿಳಿಯಾಗಿ ಬರೆದು ಒಂದೇ ಹಾಳೆಗೆ ಇಳಿಸಿ, ಈ ಕಾಗದದ ಜೊತೆಗಿಟ್ಟಿದ್ದೇನೆ. ನಮ್ಮ ಮಾತಿನಲ್ಲೇ ಬರೆಯಬಹುದಿತ್ತು. ನೀವು ತಿದ್ದಲೆಂದೇ ಇಂಗ್ಲಿಷಿನಲ್ಲಿ ಬರೆದೆ. ಹಳೇ ಪದ್ಧತಿಯಂತೆ ಪರೀಕ್ಷಿಸಿ: ಬರೆದದ್ದನ್ನು ಮಾತ್ರ ಮಾಡಿ, ಬರೆದ ಕ್ರಮದಲ್ಲೇ ಮಾಡಿ. ದಯವಿಟ್ಟು ನೀರು ಮಾತ್ರ ಸುರಿಯಬೇಡಿ.

ಹಾಳೆಯ ಕೊನೆಯ ವಾಕ್ಯ ಕಂಪನಿಯ ಪುಸ್ತಕದಲ್ಲಿಲ್ಲ, ನಾನೇ ಸೇರಿಸಿದ್ದು: ‘ಮಿಷನ್ ಕಿವಿಯಲ್ಲಿ ಸರಿಯಾಗಿ ಕೂತ ಮೇಲೆ, ಫೋನ್ ಮಾಡಿ ನನ್ನನ್ನು ಬೈಯಿರಿ.’

ಕ್ರಮ ಸರಿಯಿದೆಯಲ್ಲ, ಮೇಷ್ಟ್ರೇ?

ಫೋನ್ ಪಕ್ಕದಲ್ಲೇ ಕೂತಿರುವ,
ನಿಮ್ಮ ಕೆಟಲ್ ಹುಡುಗಿ