ಪುರಾವೆಯ ಕಾಲಮಿನಲ್ಲಿ ಶಾಹಿಸ್ತಾಳ ಅಮ್ಮ

ಸೋಮವಾರ, ನವೆಂಬರ್ 4. ಸಂಜೆ 6.30

ಇಂಗ್ಲಿಷ್ ಬಾರದು ಎಂಬ ಒಂದೇ ಕಾರಣಕ್ಕೆ ಒಬ್ಬ ತಾಯಿಯನ್ನು ನಮ್ಮ ಶಾಲೆಯ ಗೇಟಿನಿಂದ ವಾಪಸ್ ಕಳಿಸಿದ್ದಾರೆ. ಇದು ಅನ್ಯಾಯ. ನಡೆದದ್ದು ಕಳೆದ ವರ್ಷ. ನೋಡಿಯೂ ಒಂದು ವರ್ಷ ಸುಮ್ಮನಿದ್ದೆ. ಅದು ನನ್ನ ಅನ್ಯಾಯ.

ಗಣಿತದ ಹೋಮ್‌ವರ್ಕ್ ಹಾಗೇ ಇದೆ. ಹೊರಗೆ ಅಜ್ಜಿ ಒಣಗಿದ ಮೆಕ್ಕೆಜೋಳ ಗುಡ್ಡೆ ಹಾಕುತ್ತಾ ಕೂಗುತ್ತಿದ್ದಾಳೆ: "ಸ್ಪಂದನಾ, ಟೀ ಆರೋಯ್ತೈತೆ ನೋಡೇ!" ಆರಲಿ. ಮೊದಲು ಇದನ್ನು ಬರೆಯಬೇಕು.

ಕಳೆದ ನವೆಂಬರಿನ ಸ್ಟೂಡೆಂಟ್ ಲೆಡ್ ಕಾನ್ಫರೆನ್ಸ್. ಆ ದಿನ ಮಾತಾಡುವುದು ಟೀಚರ್ ಅಲ್ಲ, ನಾವು. ಮನೆಯವರನ್ನು ಮೇಜಿನ ಎದುರು ಕೂರಿಸಿ, ನಮ್ಮ ಫೈಲು ಬಿಚ್ಚಿ, ಏನು ಕಲಿತೆವು, ಎಲ್ಲಿ ಎಡವಿದೆವು ಎಂದು ಇಪ್ಪತ್ತು ನಿಮಿಷ ಹೇಳಬೇಕು. ಇಂಗ್ಲಿಷಿನಲ್ಲೇ. ನೋಟಿಸಿನಲ್ಲಿ ಆ ಸಾಲಿನ ಕೆಳಗೆ ಗೆರೆ ಎಳೆದಿರುತ್ತಾರೆ. ನನ್ನ ಬೆಂಚಿನ ಗೆಳತಿ ಶಾಹಿಸ್ತಾಳ ಅಮ್ಮ ಅಫ್ಸರ್ ಬೇಗಂ ಶಿರಾಳಕೊಪ್ಪದಿಂದ ಬಂದಿದ್ದರು. ಕ್ಲಾಸಿನ ಕಿಟಕಿಯಿಂದ ಕಂಡೆ. ಶಾಲೆಯ ಬಸ್ಸು ಅಡ್ಡ ನಿಂತಿತ್ತು, ಗೇಟು ಅರ್ಧ ಮಾತ್ರ ಕಾಣುತ್ತಿತ್ತು. ವಾಚ್‌ಮನ್ ಭೀಮಣ್ಣ ಅವರಿಗೆ ಏನೋ ಹೇಳಿದರು. ಅವರು ತಿರುಗಿ ಬಸ್ ಸ್ಟಾಪಿನ ಕಡೆ ನಡೆದುಬಿಟ್ಟರು. ಆಮೇಲೆ ಶಾಹಿಸ್ತಾಳನ್ನು ಕೇಳಿದರೆ, "ಅಮ್ಮಿಗೆ ಇಂಗ್ಲಿಷ್ ಬರಲ್ವಲ್ಲೇ... ಬಿಡು" ಅಂದಳು.

ಬಿಡುವುದಿಲ್ಲ.

ನಮ್ಮದು ಇಂಟರ್‌ನ್ಯಾಷನಲ್ ಶಾಲೆಯಂತೆ. ಮಕ್ಕಳು ನೂರಾ ಹನ್ನೆರಡು. ಗೋಡೆಯ ಮೇಲೆ ಇಪ್ಪತ್ತು ದೇಶಗಳ ಬಾವುಟ. ಎಲ್ಲರಿಗಿಂತ ದೂರದಿಂದ ಬರುವವನು ಸೊರಬದ ರವಿ.

ಕವರಿನಿಂದ ನನ್ನ ಪುಸ್ತಿಕೆಗಳನ್ನೆಲ್ಲ ಹೊರಗೆ ಹರಡಿದೆ. ಮಕ್ಕಳ ಹಕ್ಕು, ಪಂಚಾಯಿತಿಯಲ್ಲಿ ಕೊಟ್ಟದ್ದು. ಮಾಹಿತಿ ಹಕ್ಕು. ಗ್ರಾಹಕರ ಹಕ್ಕು. ಮಂಗನ ಕಾಯಿಲೆಯದೂ ಒಂದಿದೆ, ಇದಕ್ಕೆ ಉಪಯೋಗಕ್ಕೆ ಬಾರದು, ಆದರೂ ಎಸೆಯಲು ಮನಸ್ಸಿಲ್ಲ. ಯಾವುದರಲ್ಲೂ ಶಾಲೆಯ ಗೇಟಿನಲ್ಲಿ ನಿಂತ ತಾಯಿಯ ಹಕ್ಕು ಎಂದಿಲ್ಲ. ನಾವೇ ಬರೆಯಬೇಕು.

ಬುಧವಾರ, ನವೆಂಬರ್ 6

ಗೆದ್ದೆವು!!

ಬುಧವಾರದ ಕೊನೆಯ ಪೀರಿಯಡ್ "ನಮ್ಮ ಗಂಟೆ". ಟೀಚರುಗಳು ಹಿಂದಿನ ಬೆಂಚಿನಲ್ಲಿ ಕೂರಬೇಕು, ಬಾಯಿ ತೆರೆಯುವಂತಿಲ್ಲ. ಯಾರು ಬೇಕಾದರೂ ಒಂದು ಫಾರಂ ತುಂಬಿ ತರಬಹುದು; ಹೆಚ್ಚು ಕೈ ಎದ್ದರೆ ಶಾಲೆ ಅದನ್ನು ಜಾರಿಗೆ ತರಬೇಕು. ಮೂರು ಕಾಲಮು: ಸಮಸ್ಯೆ, ಪುರಾವೆ, ಪರಿಹಾರ. ಪುರಾವೆಯಲ್ಲಿ ಯಾರದಾದರೂ ಹೆಸರು ಇರಲೇಬೇಕು. ಸುಮ್ಮನೆ "ಕೆಲವರಿಗೆ ತೊಂದರೆಯಾಗಿದೆ" ಎಂದರೆ ತೆಗೆದುಕೊಳ್ಳುವುದಿಲ್ಲ. ಈ ನಿಯಮ ತಂದದ್ದು ನಾನೇ. ಈ ವರ್ಷದ ಅಧ್ಯಕ್ಷೆಯೂ ನಾನೇ.

ನಿಂತು ಓದಿದೆ. ಸಮಸ್ಯೆ: ಇಂಗ್ಲಿಷ್ ಮಾತ್ರ ಎಂಬ ಸಾಲು. ಪುರಾವೆ: ಶಾಹಿಸ್ತಾಳ ತಾಯಿ ಅಫ್ಸರ್ ಬೇಗಂ, ಗೇಟಿನಲ್ಲಿ ಭೀಮಣ್ಣ ಅವರನ್ನು ತಡೆದದ್ದು, ಅವರು ತಲೆ ತಗ್ಗಿಸಿ ಹಿಂತಿರುಗಿದ್ದು. ಪರಿಹಾರ: ಮನೆಯವರಿಗೆ ಯಾವ ಭಾಷೆ ಬರುತ್ತದೋ ಅದರಲ್ಲೇ ಮಾತು. ದನಿ ನಡುಗಲಿಲ್ಲ. ಎಲ್ಲ ಕೈಗಳೂ ಮೇಲೆದ್ದವು.

ಎಲ್ಲ ಅಲ್ಲ. ಶಾಹಿಸ್ತಾ ಎತ್ತಲಿಲ್ಲ. ಸಂಕೋಚ ಇರಬಹುದು.

ಗುರುವಾರ, ನವೆಂಬರ್ 7

ಶಾಹಿಸ್ತಾ ಬೇರೆ ಬೆಂಚಿಗೆ ಹೋಗಿದ್ದಾಳೆ. ಆರನೇ ಕ್ಲಾಸಿನಿಂದ ಒಂದೇ ಬೆಂಚು ನಮ್ಮದು.

"ಏನಾಯ್ತೇ?"

"ಏನಿಲ್ಲ."

"ನಿಮ್ಮಮ್ಮನ ಪರವಾಗೇ ಮಾತಾಡಿದ್ದು ನಾನು."

"ನಿನ್ನನ್ನ ಯಾರು ಕೇಳಿದ್ರು?"

ಸಂಜೆಗೆ ಇನ್ನೊಂದು ಸುದ್ದಿ. ಆಫೀಸಿನಲ್ಲಿ ಭೀಮಣ್ಣನಿಗೆ ಮೆಮೊ ಕೊಟ್ಟಿದ್ದಾರೆ. ಪೋಷಕರ ಜೊತೆ ಅನುಚಿತ ವರ್ತನೆ. ಇನ್ನೊಂದು ದೂರು ಬಂದರೆ ಕೆಲಸ ಇಲ್ಲ. ನಾನು ನಿಯಮದ ಮೇಲೆ ಜಗಳ ತೆಗೆದೆ, ಅವರು ಮನುಷ್ಯನನ್ನು ಹಿಡಿದರು.

ಆದರೆ ಹೆಸರು ಬರೆದುಕೊಟ್ಟವಳು ನಾನು.

ಬುಧವಾರ, ನವೆಂಬರ್ 13

ಆರು ದಿನ ಏನೂ ಬರೆಯಲಿಲ್ಲ.

ಕಾನ್ಫರೆನ್ಸ್ 23ಕ್ಕೆ. ಯಾರ ಮನೆಯವರು ಎಷ್ಟು ಗಂಟೆಗೆ ಎಂಬ ಪಟ್ಟಿ ನೋಟಿಸ್ ಬೋರ್ಡಿನಲ್ಲಿದೆ. ಶಾಹಿಸ್ತಾಳ ಹೆಸರಿನ ಎದುರು ಖಾಲಿ. ಯಾರಿಗಾಗಿ ನಿಯಮ ಬದಲಾಯಿತೋ ಅವರೇ ಬರುವುದಿಲ್ಲ.

ಲಂಚ್ ಬ್ರೇಕಿನಲ್ಲಿ ಗೇಟಿಗೆ ಹೋದೆ. ಭೀಮಣ್ಣ ಸ್ಟೂಲಿನ ಮೇಲೆ ಕೂತು ಡಬ್ಬಿ ಬಿಚ್ಚಿದ್ದರು.

"ಭೀಮಣ್ಣ, ಹೋದ ವರ್ಷ ಅವ್ರಿಗೆ ನೀವು ಏನು ಹೇಳಿದ್ರಿ?"

"ನಾನೇನ್ ಹೇಳ್ಲಿ? ಬಿಸ್ಲು ಭಾಳ ಐತ್ರೀ ಅಮ್ಮಾರೆ, ನೀರ್ ಕುಡ್ದು ಹೋಗ್ರಿ ಅಂದೆ."

"ಒಳಗೆ ಬಿಡಲ್ಲ ಅನ್ಲಿಲ್ವಾ?"

"ಅನ್ನಾಕೆ ನಂದೇನ್ ಶಾಲೀನಾ ಇದು?"

"ಮತ್ತೆ ಮೆಮೊಗೆ ಸೈನ್ ಯಾಕೆ ಹಾಕಿದ್ರಿ?"

"ಹಾಕು ಅಂದ್ರು, ಹಾಕ್ದೆ."

"ಹಂಗಾದ್ರೆ ಅವ್ರನ್ನ ವಾಪಸ್ ಕಳಿಸಿದ್ದು ಯಾರು?"

ಅವರು ರೊಟ್ಟಿ ಮುರಿಯುವುದು ನಿಲ್ಲಿಸಿ ನನ್ನ ಮುಖ ನೋಡಿದರು. "ಲೀಡರಮ್ಮಾ, ಗೇಟ್‌ನಾಗೆ ಕಂಡಿದ್ದೆಲ್ಲಾ ನಾ ಹೇಳ್ಕೊಂತ ಕುಂತ್ರೆ ನಿಮ್ಮ ಶಾಲೀಗೆ ಒಂದು ಮಗೂನೂ ಬರಾಕಿಲ್ಲ. ಹೋಗು, ಬೆಲ್ ಆತು."

ಬೆಲ್ ಆಗಿರಲಿಲ್ಲ.

ಶನಿವಾರ, ನವೆಂಬರ್ 16. ಸಂಜೆ 5

ಶಿರಾಳಕೊಪ್ಪಕ್ಕೆ ಹೋಗಿ ಬಂದೆ.

ಅಫ್ಸರ್ ಬೇಗಂ ಆಂಟಿ ಸೀರೆಗೆ ಕುಚ್ಚು ಹಾಕುತ್ತಿದ್ದರು. ಮದುವೆಯ ಸೀರೆ, ಸೆರಗನ್ನು ಹಲಗೆಗೆ ಪಿನ್ನು ಚುಚ್ಚಿ ಎಳೆದು ಕಟ್ಟಿದ್ದರು.

"ಬಾ ಬೇಟಾ. ಶಾಹಿಸ್ತಾ ಟ್ಯೂಷನ್‌ಗೆ ಹೋಗ್ಯಾಳೆ."

"ನಿಮ್ಮನ್ನೇ ನೋಡಕ್ಕೆ ಬಂದೆ ಆಂಟಿ. ನಿಮ್ಮನ್ನ ಕೇಳ್ದೆ ನಿಮ್ಮ ಹೆಸರು ಎಲ್ಲರ ಮುಂದೆ ಹೇಳ್ಬಿಟ್ಟೆ. ತಪ್ಪಾಯ್ತು."

"ನನ್ನ ಹೆಸರು ರೇಷನ್ ಕಾರ್ಡ್‌ನಾಗೂ ಐತಿ, ಬಿಡು." ನಕ್ಕರು. ಆಮೇಲೆ ನಗಲಿಲ್ಲ. "ಆದ್ರೆ ಆ ವಾಚ್‌ಮನ್ ಏನೂ ಮಾಡಿಲ್ಲ. ನೀರು ಕೊಟ್ಟ, ಪಾಪ. ಅವ್ನಿಗೆ ಏನೋ ಲೆಟರ್ ಕೊಟ್ರಂತಲ್ಲ?"

"ಮತ್ತೆ ನೀವ್ಯಾಕೆ ವಾಪಸ್ ಹೋದ್ರಿ?"

ಕೈಯಲ್ಲಿದ್ದ ಕುಚ್ಚು ಮುಗಿಸಿದರು. ದಾರವನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿದರು.

"ಶಾಹಿಸ್ತಾ ಗೇಟಿಗೆ ಓಡಿ ಬಂದ್ಲು. 'ಅಮ್ಮೀ, ಮೀಟಿಂಗ್ ಕ್ಯಾನ್ಸಲ್ ಆತು, ನೀನು ಮನೆಗೆ ಹೋಗು' ಅಂದ್ಲು. ನಾನು ನಿಂತಿದ್ದಂಗೇ ಎರಡು ಕಾರು ಬಂತು. ಎಲ್ಲಾ ಒಳಗೆ ಹೋಗ್ತಾ ಇದ್ರು. ನಾನು, 'ಹೌದಾ? ಆಯ್ತು' ಅಂದೆ."

"ನಿಮಗೆ... ಗೊತ್ತಾಯ್ತಾ?"

"ಅವಳು ಸುಳ್ಳು ಹೇಳುವಾಗ ಕಿವಿ ಕೆಂಪಾಗ್ತದೆ. ಸಣ್ಣಾಕಿ ಇದ್ದಾಗಿಂದ." ಮತ್ತೆ ಸೂಜಿ ತಗೊಂಡರು. "ನಮ್ಮಪ್ಪ ಸೈಕಲ್ ಮೇಲೆ ಗುಜರಿ ಕೂಗ್ಕೊಂಡು ಬರೋರು. ನಾನು ಗೆಳತಿಯರ ಜೊತೆ ಇದ್ರೆ ಬೇರೆ ಗಲ್ಲಿಗೆ ತಿರುಗಿಬಿಡ್ತಿದ್ದೆ. ಅವ್ರು ಬೆಲ್ ಹೊಡೀದೆ ಹೋಗ್ತಿದ್ರು. ಎಷ್ಟೋ ವರ್ಷ ಆದ್ಮೇಲೆ ನನಗೆ ತಿಳೀತು, ಅವ್ರು ನನ್ನ ನೋಡಿದ್ರು ಅಂತ."

ಟೀ ಕೊಟ್ಟರು, ಟೋಸ್ಟ್ ಕೊಟ್ಟರು. ಹೊರಡುವಾಗ:

"ನನಗೆ ಗೊತ್ತು ಅಂತ ಅವಳಿಗೆ ಗೊತ್ತಿಲ್ಲ. ನೀನು ಹೇಳ್ಬೇಡ."

"ಈ ವರ್ಷ ಬರ್ತೀರಾ ಆಂಟಿ?"

"ಅವಳು ಕರೆದ್ರೆ ಬರ್ತೀನಿ. ನೀನು ಕರೆದ್ರೆ ಬರಲ್ಲ. ಬೇಜಾರು ಮಾಡ್ಕೋಬೇಡ, ಹಾಂ?"

ಭಾನುವಾರ, ನವೆಂಬರ್ 17

ನಿಜ ಹೇಳಿದರೆ ಭೀಮಣ್ಣ ಉಳಿಯುತ್ತಾರೆ, ಶಾಹಿಸ್ತಾ ಎಲ್ಲರೆದುರು ಕುಸಿಯುತ್ತಾಳೆ. ಹೇಳದಿದ್ದರೆ ಆ ಮೆಮೊ ಹಾಗೇ. ಪುಸ್ತಿಕೆಗಳನ್ನು ಮತ್ತೆ ಓದಿದೆ. ಎಲ್ಲದರಲ್ಲೂ ಒಂದು ಕಡೆ ತಪ್ಪಿತಸ್ಥ, ಇನ್ನೊಂದು ಕಡೆ ನೊಂದವರು. ಭೀಮಣ್ಣ ಒಂದು ವರ್ಷದಿಂದ ಬಾಯಿಬಿಟ್ಟಿಲ್ಲ. ಮೆಮೊ ಕೈಗೆ ಬಂದಾಗಲೂ. ಇದಕ್ಕೆ ಯಾವ ಪುಸ್ತಿಕೆ?

ಇನ್ನೂ ಒಂದಿದೆ. ಬರೆಯಲು ಇಷ್ಟವಿಲ್ಲ. ಬರೆಯುತ್ತೇನೆ.

ಕಳೆದ ವರ್ಷ ನನ್ನ ಮೇಜಿನ ಎದುರು ಕೂತದ್ದು ಅಜ್ಜಿ. ಅಪ್ಪ ಅಮ್ಮ ಕಟಾವಿಗೆ ಹೋಗಿದ್ದರು. ಇಪ್ಪತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿದೆ. ನಾನು ನಿಲ್ಲಿಸಿದಾಗಲೆಲ್ಲ ಅಜ್ಜಿ ತಲೆ ಆಡಿಸಿದಳು. ಬಸ್ಸಿನಲ್ಲಿ, "ಭಾಳ ಚೆನ್ನಾಗಿ ಮಾತಾಡ್ತೀಯ ಕಣೇ. ಮಧ್ಯ ಒಂದ್ಸಲ ನಮ್ಮ ಬಳ್ಳಿಗಾವಿ ಹೆಸ್ರು ಅಂದೆ ನೋಡು, ಅಷ್ಟು ತಿಳೀತು" ಅಂದಳು. ಮಿಕ್ಕದ್ದನ್ನು ಹೇಳಬಹುದಿತ್ತು. ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿದೆ.

ಪುರಾವೆ ನನ್ನ ಮನೆಯಲ್ಲೇ ಇತ್ತು. ಅದನ್ನು ಬಿಟ್ಟು ಇನ್ನೊಬ್ಬರ ಮನೆಯದನ್ನು ಕೇಳದೇ ಎತ್ತಿಕೊಂಡೆ.

ಬುಧವಾರ, ನವೆಂಬರ್ 20

ನಮ್ಮ ಗಂಟೆ. ಎದ್ದು ನಿಂತೆ. ಈ ಸಲ ದನಿ ನಡುಗಿತು.

"ನಾನು ಕೊಟ್ಟ ಪುರಾವೆ ತಪ್ಪು. ಭೀಮಣ್ಣ ಯಾರನ್ನೂ ತಡೀಲಿಲ್ಲ. ನಾನು ಅರ್ಧ ನೋಡಿದ್ದೆ, ಯಾರನ್ನೂ ಕೇಳಲಿಲ್ಲ."

ಮೇಘನಾ ಕೈ ಎತ್ತಿದಳು. "ಮತ್ತೆ ಆಂಟಿನ ಯಾರು ವಾಪಸ್ ಕಳಿಸಿದ್ದು?"

"ಹೇಳಲ್ಲ."

"ಗೊತ್ತಿಲ್ವಾ, ಹೇಳಲ್ವಾ?"

"ಗೊತ್ತು. ಹೇಳಲ್ಲ."

ಗುಸುಗುಸು. ಪ್ರಶ್ನೆಗೆ ಉತ್ತರ ಕೊಡದಿದ್ದರೆ ಅಧ್ಯಕ್ಷತೆ ಬಿಡಬೇಕು. ಅದೂ ನಾವೇ ಮಾಡಿದ ನಿಯಮ. ಬ್ಯಾಡ್ಜ್ ಬಿಚ್ಚಿ ಮೇಜಿನ ಮೇಲಿಟ್ಟೆ. ಹಿಂದೆ ಶರಣ್ಯ ಮಿಸ್ ಏನೋ ಹೇಳಲು ಬಾಯಿ ತೆರೆದರು, ನೆನಪಾಗಿ ಕೈ ಅಡ್ಡ ಇಟ್ಟುಕೊಂಡರು.

ಆಮೇಲೆ ಹೊಸ ಫಾರಂ ಓದಿದೆ. ಸಮಸ್ಯೆ, ಪರಿಹಾರ ಹಳೆಯವೇ. ಪುರಾವೆ: ಗುಡ್ಡಮ್ಮ, ನನ್ನ ಅಜ್ಜಿ. ನಿನ್ನೆಯೇ ಅವಳನ್ನು ಕೇಳಿದ್ದೆ. "ನನ್ನ ಹೆಸ್ರಾ? ಇಂಗ್ಲಿಷ್‌ನಾಗೆ ಬರೀತೀಯಾ?" ಎಂದು ಖುಷಿಪಟ್ಟಳು. ಬಸ್ಸಿನಲ್ಲಿ ಕಣ್ಣು ಮುಚ್ಚಿದ್ದನ್ನೂ ಓದಿದೆ. ಯಾರೂ ನಗಲಿಲ್ಲ. ಕೈಗಳು ನಿಧಾನವಾಗಿ ಎದ್ದವು. ಶಾಹಿಸ್ತಾ ಕಡೆ ನೋಡಲು ಧೈರ್ಯ ಬರಲಿಲ್ಲ.

ನೇರ ಪ್ರಿನ್ಸಿಪಾಲರ ಹತ್ತಿರ ಹೋದೆ. ಮೆಮೊ ವಾಪಸ್ ತಗೊಳ್ಳಿ ಸರ್ ಅಂದೆ.

"ಏನಾಯ್ತು ಅಂತ ಹೇಳದೇ ಹೇಗೆ ವಾಪಸ್ ತಗೊಳ್ಳೋದು?"

"ಕೊಡುವಾಗ ವಿಚಾರಿಸಿದ್ರಾ ಸರ್?"

"ಬರೆದು ಕೊಟ್ಟಿದ್ದು ನೀನಲ್ವೇನಮ್ಮಾ?"

ಬಂದುಬಿಟ್ಟೆ.

ಗುರುವಾರ, ನವೆಂಬರ್ 21

ಬೆಳಿಗ್ಗೆ ಪ್ರೇಯರ್‌ಗೆ ಮುಂಚೆ ಶಾಹಿಸ್ತಾ ಒಬ್ಬಳೇ ಆಫೀಸಿನಿಂದ ಹೊರಗೆ ಬಂದಳು. ಕಣ್ಣು ಊದಿತ್ತು. ಮಧ್ಯಾಹ್ನ ಶರಣ್ಯ ಮಿಸ್ ಹೇಳಿದರು: ಮೆಮೊ ರದ್ದಾಗಿದೆ, ಪ್ರಿನ್ಸಿಪಾಲ್ ಗೇಟಿಗೆ ಹೋಗಿ ಭೀಮಣ್ಣನ ಎದುರಿಗೇ ಹರಿದರಂತೆ.

ಲಂಚಿನಲ್ಲಿ ಶಾಹಿಸ್ತಾ ಬಂದು ನನ್ನ ಬೆಂಚಿನ ತುದಿಯಲ್ಲಿ ಕೂತಳು.

"ನಿನಗೆ ಹೇಳಿದ್ದು ಭೀಮಣ್ಣನಾ?"

"ಅಲ್ಲ."

ಡಬ್ಬಿಯ ಮುಚ್ಚಳ ತೆರೆದಳು, ಮತ್ತೆ ಮುಚ್ಚಿದಳು.

"ಅಮ್ಮಿಗೆ ಗೊತ್ತಾ?"

ಸುಳ್ಳು ಹೇಳಲಾರೆ. ಕೊಟ್ಟ ಮಾತನ್ನೂ ಮುರಿಯಲಾರೆ. "ನೀನೇ ಕೇಳೇ" ಅಂದೆ.

ಅಷ್ಟರಲ್ಲೇ ಅವಳಿಗೆ ಅರ್ಥವಾಯಿತು. ಬಾಯಿಗೆ ದುಪಟ್ಟಾ ಒತ್ತಿಕೊಂಡಳು. "ಅವತ್ತು ಮನೆಗೆ ಹೋದ್ರೆ ನನಗೆ ಅಂತ ಶಾವಿಗೆ ಮಾಡಿಟ್ಟಿದ್ಲು... 'ಮೀಟಿಂಗ್ ಮತ್ತೆ ಯಾವಾಗ ಇಡ್ತಾರೆ' ಅಂತ ಕೂಡ ಕೇಳ್ಲಿಲ್ಲ ಕಣೇ."

ಅವಳ ಕೈ ಹಿಡಿಯಲೇ ಬೇಡವೇ ಎಂದು ಯೋಚಿಸುತ್ತಿದ್ದೆ. ಅವಳೇ ಹಿಡಿದಳು.

ಶುಕ್ರವಾರ, ನವೆಂಬರ್ 22. ಸಂಜೆ

ನಿನ್ನೆ ಅವರ ಮನೆಯಲ್ಲಿ ಏನು ಮಾತಾಯಿತೋ ಗೊತ್ತಿಲ್ಲ. ಕೇಳಲಿಲ್ಲ. ಕೇಳದಿರುವುದನ್ನು ಕಲಿಯುತ್ತಿದ್ದೇನೆ, ಬಹಳ ಕಷ್ಟ.

ಬೆಳಿಗ್ಗೆ ಪಟ್ಟಿಯಲ್ಲಿ ಅವಳ ಹೆಸರಿನ ಎದುರು ಹನ್ನೊಂದು ಗಂಟೆ ಎಂದು ಬರೆದಿತ್ತು. ಅವಳದೇ ಅಕ್ಷರ. ಬಿಡುವು ಸಿಕ್ಕಾಗಲೆಲ್ಲ ಉರ್ದುವಿನಲ್ಲಿ ಅಭ್ಯಾಸ ಮಾಡುತ್ತಿದ್ದಳು. "ಫೋಟೋಸಿಂಥೆಸಿಸ್‌ಗೆ ಏನಂತಾರೋ ಗೊತ್ತಿಲ್ವೇ. ಎಲೆ ಬಿಸ್ಲಲ್ಲಿ ಅಡುಗೆ ಮಾಡ್ಕೊಳ್ತದೆ ಅಂತೀನಿ. ಅಮ್ಮಿ ಖಂಡಿತ ಕೇಳ್ತಾಳೆ, ಉಪ್ಪು ಯಾರು ಹಾಕ್ತಾರೆ ಅಂತ." ಇಬ್ಬರೂ ನಕ್ಕೆವು. ಹದಿನೈದು ದಿನ ಆಗಿತ್ತು ನಕ್ಕು.

"ನಿನ್ನ ಮೇಲೆ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ, ತಿಳ್ಕೋ" ಅಂದಳು.

"ಇರಲಿ. ಇಟ್ಕೋ."

"ನಾಳೆ ಬೇಗ ಬಾ. ಅಮ್ಮಿನ ಕರ್ಕೊಂಡು ಒಳಗೆ ಹೋಗೋಳು ನಾನು. ನೀನು ಏನೂ ಮಾತಾಡ್ಬಾರ್ದು. ಸುಮ್ನೆ ನನ್ನ ಪಕ್ಕ ನಿಂತಿರು."

ಶನಿವಾರ, ನಾಳೆ, ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ. ಗೇಟಿನ ಹೊರಗೆ, ಬಸ್ಸು ನಿಲ್ಲುವ ಕಡೆ, ಅವಳ ಪಕ್ಕ ನಿಂತಿರುತ್ತೇನೆ, ಬಾಯಿ ತೆರೆಯದೆ.