ಗುಬ್ಬಿಯನ್ನು ಕರೆಯುವ ದನಿ

ಭಾನುವಾರ, ಮಧ್ಯಾಹ್ನ

ಗುಬ್ಬಿಯ ಅಪ್ಪನಿಗೆ,

ನಾವಿಬ್ಬರೂ ಕ್ಷೇಮ. ನೀವೂ ಹಾಗೇ ಇದ್ದೀರೆಂದುಕೊಂಡಿದ್ದೇನೆ. ನೀವು ಬೇರೆ ಮನೆ ಮಾಡಿ ಇಷ್ಟು ಕಾಲವಾದ ಮೇಲೆ ಪತ್ರವೇಕೆ ಎಂದು ಹುಬ್ಬೇರಿಸಬೇಡಿ. ವಿಷಯ ಕಂಪ್ಯೂಟರಿನದು. ಮೆಸೇಜ್ ಕಳಿಸಿದರೆ ನೀವು ಅರ್ಧ ಓದಿ, ಆಫ್ ಮಾಡಿ ಆನ್ ಮಾಡು ಎಂದುಬಿಡುತ್ತೀರಿ. ಅದನ್ನು ಮಾಡಿ ಮಾಡಿ ಸ್ವಿಚ್ಚೇ ಸವೆದಿದೆ.

ದಿನಾ ಬೆಳಿಗ್ಗೆ ಪರದೆಯ ಮೂಲೆಯಲ್ಲಿ ‘ಹೊಸ ಆವೃತ್ತಿ ಸಿದ್ಧವಾಗಿದೆ’ ಎಂದು ಬರುತ್ತಿತ್ತು. ನಾನು ‘ಆಮೇಲೆ’ ಒತ್ತುತ್ತಿದ್ದೆ. ಹೋದ ತಿಂಗಳು ಅದು ನನ್ನನ್ನು ಕೇಳುವುದನ್ನೇ ಬಿಟ್ಟು, ನಾನು ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ತಾನೇ ಶುರುಮಾಡಿಕೊಂಡಿತ್ತು. ಮುಗಿದ ಮೇಲೆ ಎಲ್ಲವೂ ಹೊಸದಾಗಿ ಹೊಳೆಯುತ್ತಿತ್ತು, ನನ್ನ ದನಿಯೊಂದನ್ನು ಬಿಟ್ಟು.

ನನ್ನ ಮಾತು ಕಳೆದ ಗಂಟಲಿನ ಆಪರೇಷನ್ನಿಗೆ ಮೊದಲು, ಬೇರೆಯಿದ್ದರೂ ನೀವು ಆಫೀಸು ಮುಗಿಸಿ ಬಂದು, ಹೊರಗಿನ ಸದ್ದು ಸೇರದಂತೆ ಬೀರುವಿನ ಬಟ್ಟೆಗಳ ನಡುವೆ ಮೈಕು ಇಟ್ಟು, ನನ್ನಿಂದ ಮಾತು ಹೇಳಿಸಿ ಕಂಪ್ಯೂಟರಿಗೆ ತುಂಬಿಸಿದ ದನಿ ಅದು. ಮೊದಲು ನಾನು ಹೇಳಿದ್ದು ‘ಒದ್ದೆ ಟವೆಲ್ ಮಂಚದ ಮೇಲೆ ಹಾಕಬೇಡಿ’ ಎಂದು. ಈಗಲೂ ಅದೇನಾ ಎಂದು ನಕ್ಕಿದ್ದಿರಿ. ನಾನು ಟೈಪ್ ಮಾಡಿದ್ದನ್ನು ನನ್ನದೇ ದನಿಯಲ್ಲಿ ಹೇಳುತ್ತಿದ್ದ ಆ ಪ್ರೋಗ್ರಾಂ ತೆರೆಯಲೇ ಇಲ್ಲ. ಈ ಆವೃತ್ತಿಯಲ್ಲಿ ನಡೆಯುವುದಿಲ್ಲ ಎಂದಷ್ಟೇ ಬಂತು.

ಮಾಡದ್ದೇನೂ ಉಳಿದಿಲ್ಲ. ಹಳೆಯದಕ್ಕೆ ಮರಳುವ ಬಟನ್ ಹುಡುಕಿದೆ. ತಾನಾಗಿ ಸರಿಹೋದೀತೆಂದು ಕಾಯುವಷ್ಟರಲ್ಲಿ ಅದರ ಗಡುವು ಮುಗಿದಿತ್ತು. ಪ್ರೋಗ್ರಾಂ ಮಾಡಿದವರ ಸಹಾಯವಾಣಿಗೆ ಫೋನೇ ಮಾಡಬೇಕಂತೆ. ಕೆಳಮನೆಯ ಟೈಲರ್ ಅಕ್ಕ ನನ್ನ ಪರವಾಗಿ ಮಾಡಿದರು. ಆ ಕಡೆಯ ಹುಡುಗಿ, “ಗ್ರಾಹಕರೇ ಮಾತಾಡ್ಬೇಕು ಮೇಡಂ” ಎಂದಳು. “ಅವ್ರಿಗೆ ಮಾತಾಡೋಕಾಗಲ್ಲ ಅನ್ನೋದೇ ಕಂಪ್ಲೇಂಟು ಕಣಮ್ಮಾ” ಎಂದು ಅಕ್ಕ ರೇಗಿದರು. ನನಗೆ ನಗು ತಡೆಯಲಾಗಲಿಲ್ಲ. ಅದಕ್ಕೂ ಈಗ ಸದ್ದಿಲ್ಲ.

ಕೊನೆಗೆ ರಿಪೇರಿಯವರನ್ನು ಕರೆಸಿದೆ. ಪೂರ್ತಿ ಅಳಿಸಿ ಹಳೆಯ ಆವೃತ್ತಿ ಹಾಕೋಣ, ಕಾಪಿ ಇದೆ ತಾನೇ ಎಂದು ಕೇಳಿದರು. ಆಪರೇಷನ್ನಿನ ಹಿಂದಿನ ದಿನ ನೀವು, ಎಲ್ಲಾ ಇದರಲ್ಲಿದೆ, ಜೋಪಾನ ಎಂದು ಕೊಟ್ಟ ಪೆನ್‌ಡ್ರೈವನ್ನು ಒಡವೆಯ ಡಬ್ಬಿಯಿಂದ ತೆಗೆದು ಠೀವಿಯಿಂದ ಕೊಟ್ಟೆ. ಅವರು ಅಳಿಸಿದರು. ಆಮೇಲೆ ಪೆನ್‌ಡ್ರೈವ್ ತೆರೆದರೆ ಒಳಗಿದ್ದದ್ದು ಪರದೆಯ ಮೇಲಿರುತ್ತಿದ್ದ, ಆ ಪ್ರೋಗ್ರಾಂ ತೆರೆಯಲು ಒತ್ತುವ ತುಟಿಯ ಚಿತ್ರ, ಮೂಲೆಯಲ್ಲೊಂದು ಪುಟ್ಟ ಬಾಣ. “ಇದು ಬರೀ ದಾರಿ ತೋರ್ಸೋ ಗುರುತು ಮೇಡಂ. ಯಾರೋ ಇದನ್ನೇ ಎಳೆದು ಹಾಕಿದಾರೆ. ಸಾಮಾನು ಕಂಪ್ಯೂಟರಲ್ಲೇ ಇತ್ತು” ಎಂದರು. ಆ ಯಾರೋ ಯಾರೆಂದು ನಾನು ಹೇಳಹೋಗಲಿಲ್ಲ. ನಾನೂ ಒಂದು ದಿನ ತೆರೆದು ನೋಡಿದವಳಲ್ಲ. ಅಳಿಸಿದ್ದನ್ನು ಎತ್ತಿಕೊಡುವ ಅಂಗಡಿಗೂ ಹೋಗಿ ಬಂದೆ. ಏನೂ ಸಿಗಲಿಲ್ಲ.

ಪ್ರೋಗ್ರಾಂ ಈಗ ತೆರೆಯುತ್ತದೆ. ಆದರೆ ದನಿ ಅದರದೇ. ರೈಲು ಎಷ್ಟು ತಡ ಎಂದು ಹೇಳುವ ಹೆಂಗಸಿನ ಹಾಗೆ. ಅದರಲ್ಲೇ ‘ಗುಬ್ಬಿ, ಏಳಮ್ಮ’ ಎಂದು ಹೇಳಿಸಿದೆ. ಅವಳು ಹೊದಿಕೆ ಕಿವಿಗೆಳೆದುಕೊಂಡು, “ಈ ಆಂಟಿ ಯಾಕೆ ಕರೀತಾರೆ? ಅಮ್ಮನ್ನ ಕರೀರಿ” ಎಂದಳು. ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ. ಈಗ ಅಂಗಾಲು ತಟ್ಟಿ ಎಬ್ಬಿಸುತ್ತೇನೆ.

ನಿಮ್ಮನ್ನು ದೂರಲು ಬರೆದದ್ದಲ್ಲ. ನನಗೆ ತುಂಬಾ ದುಃಖವಾಗಿದೆ. ಆ ಬೀರುವಿನ ಮುಂದೆ ನನ್ನ ಜೊತೆ ಕೂತಿದ್ದವರು ನೀವೊಬ್ಬರೇ, ಅದಕ್ಕೆ ಹೇಳಿಕೊಂಡೆ. ಉತ್ತರವೇನೂ ಬೇಡ.

ಇಂತಿ,
ಗುಬ್ಬಿಯ ಅಮ್ಮ

ಮರೆತಿದ್ದೆ: ಕಾಯಿಲೆ ಗೊತ್ತಾಗುವ ಮೊದಲು, ನೀವು ಮನೆ ಬಿಟ್ಟ ವಾರ, ನಿಮ್ಮ ಫೋನಿಗೆ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದೆ. ಇನ್ನು ಈ ಮನೆಯ ಹೊಸ್ತಿಲು ತುಳಿಯಬೇಡಿ ಎಂದು ಕೂಗಾಡಿದ್ದು. ನಡುವೆ ಮಗು ಅಂಬೆಗಾಲಿಟ್ಟು ಬಂದಿತ್ತು. ಜಗಳ ನಿಲ್ಲಿಸಿ ‘ಬಾ ಗುಬ್ಬಿ’ ಎಂದು ಕರೆದಿದ್ದೇನೆ. ಉಳಿದದ್ದು ಬೇಡ, ಅಷ್ಟನ್ನೇ ಕತ್ತರಿಸಿ ಕಳಿಸಿ. ಅಂದೇ ಅಳಿಸಿಬಿಟ್ಟಿದ್ದರೆ ಮಾತ್ರ ತಿಳಿಸಬೇಡಿ. ಕಾಯುತ್ತಿರುತ್ತೇನೆ.