ಒಂದೇ ಚಾನೆಲ್ಲಿನ ಆಸಿಲೋಸ್ಕೋಪ್

ನನಗೆ ಕೆಲಸ ಕಲಿಸಿದ ದಾಸಣ್ಣನಿಗೆ,

ರಾಬರ್ಟ್‌ಸನ್‌ಪೇಟೆಯ ನಿಮ್ಮ ರಿಪೇರಿ ಅಂಗಡಿಯಲ್ಲಿ ನಾನು ಮೊದಲ ಸಲ ಆಸಿಲೋಸ್ಕೋಪಿನ ಮಾತೆತ್ತಿದಾಗ ನೀವು ನಕ್ಕಿದ್ದು ನೆನಪಿದೆಯೇ? "ಕರೆಂಟ್ ಕುಣಿಯೋದನ್ನ ಪರದೆ ಮೇಲೆ ನೋಡಿ ಏನ್ ಮಾಡ್ತೀಯಮ್ಮಾ ಮಂಜುಳಾ? ನಮ್ಗೆ ಮೀಟರ್ ಪೋದುಂ, ಅಷ್ಟು ಸಾಕು," ಅಂದಿದ್ದಿರಿ. ನಾನೂ ಒಪ್ಪಿದ್ದೆ. ನೀವು ತೀರಿಹೋದ ಮೇಲೂ ಎರಡು ವರ್ಷ ಅದೇ ಮೀಟರಿನಲ್ಲೇ ನಮ್ಮೂರಲ್ಲಿ ನನ್ನ ಅಂಗಡಿ ನಡೆಸಿದೆ. ಈಗ ಹಳೆಯ ಆಸಿಲೋಸ್ಕೋಪೊಂದನ್ನು ಕೊಂಡಿದ್ದೇನೆ. ಯಾಕೆ ಅಂತ ನಿಮಗೆ ಹೇಳದಿದ್ದರೆ ಇನ್ಯಾರಿಗೆ ಹೇಳಲಿ?

ಈ ಬೇಸಿಗೆಯಲ್ಲಿ ನಮ್ಮೂರ ಡೈರಿಯವರು ಹಾಲಿಗೆ ದರ ಕಟ್ಟಲು ಅದರ ಕೊಬ್ಬು ಅಳೆಯುವ ಯಂತ್ರವನ್ನು ನನ್ನ ಮೇಜಿನ ಮೇಲೆ ತಂದಿಟ್ಟರು. ಅದರ ಪವರ್ ಬೋರ್ಡಿನಲ್ಲಿ ಒಂದು ಕೆಪಾಸಿಟರ್ ಉಬ್ಬಿಹೋಗಿತ್ತು. ಅಂಗಡಿಯಲ್ಲಿದ್ದ ಹಳೆಯದೊಂದನ್ನು ತೆಗೆದು ಮೀಟರಿಗೆ ಹಿಡಿದೆ. ಅಳತೆ ಸರಿಯಿತ್ತು. ಬೆಸೆದು ಕೊಟ್ಟೆ. ತಿಂಗಳು ಕಳೆಯುವಷ್ಟರಲ್ಲಿ ಡೈರಿಯಲ್ಲಿ ಜಗಳ ಶುರು. ಅದೇ ಹಸು, ಅದೇ ಮೇವು. ಒಂದು ದಿನ ಕೊಬ್ಬು ಹೆಚ್ಚು, ಮರುದಿನ ಕಡಿಮೆ. ಯಂತ್ರದ ಮುಂದೆ ಕೂರುವವಳು ನಮ್ಮ ಪಕ್ಕದ ಮನೆಯ ರತ್ನಮ್ಮ. "ಬೇಕಾದೋರ್ಗೆ ಒಂದು, ಬ್ಯಾಡ್ದೋರ್ಗೆ ಒಂದು ಬರೀತಾಳೆ," ಅಂದರು ಜನ.

ಡೈರಿ ಅಧ್ಯಕ್ಷರು ಎಲ್ಲರೆದುರು ನನ್ನನ್ನು ಕೇಳಿದ ಆ ಗಳಿಗೆ ಇನ್ನೂ ಎದೆಯಲ್ಲಿ ಕೂತಿದೆ. "ಮಿಸನ್ನು ಸರಿಯಾಗೈತೇನಮ್ಮಾ?" ರತ್ನಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. "ಸರಿಯಾಗೈತೆ, ನಾನೇ ನೋಡಿ ಕೊಟ್ಟಿದ್ದೀನಿ," ಅಂದುಬಿಟ್ಟೆ. ಅಷ್ಟೇ ಸಾಕಾಯಿತು. ಅವಳನ್ನು ಕೆಲಸದಿಂದ ನಿಲ್ಲಿಸಿದರು. ಮನೆಗೆ ಬಂದರೂ ಅದೇ ಯೋಚನೆ. ಮೀಟರಿಗೆ ಕಾಣದ್ದು ಏನಾದರೂ ಅಲ್ಲಿದ್ದರೆ? ನನ್ನ ಕೈಯಿಂದಲೇ ಅವಳಿಗೆ...

ನಂದಿದುರ್ಗ ಗಣಿಯ ಲೈನ್ ಮನೆಗಳಲ್ಲಿ ಸ್ಟೀಫನ್ ಸರ್ ಎಂಬ ನಿವೃತ್ತ ಮೇಷ್ಟ್ರು ಹಳೆಯ ಆಸಿಲೋಸ್ಕೋಪ್ ಮಾರುತ್ತಾರೆಂದು ತಿಳಿದು ಅವರ ಮನೆಗೆ ಹೋದೆ. ಹೊಸ ಆಸಿಲೋಸ್ಕೋಪು ನನ್ನ ಕೈಗೆಟಕುವುದಲ್ಲ. ಮೊಬೈಲಿನಲ್ಲಿ ನೋಡಿದ ಹಳೆಯವಕ್ಕೆಲ್ಲ ಪರದೆ ಮೇಲೆ ಒಂದು ಹಸಿರು ಗೆರೆಯ ಫೋಟೋ ಇತ್ತು, ಆದರೆ ಗೆರೆ ಬಂದ ಮಾತ್ರಕ್ಕೆ ಅಳತೆ ಸರಿಯಿದೆಯೆಂದು ಹೇಗೆ ನಂಬುವುದು? "ಅರ್ಧ ಗಂಟೆ ಉರೀಲಿ ಸರ್," ಅಂದೆ. ಬಿಸಿಯಾದ ಮೇಲೂ ಗೆರೆ ಜಾರಲಿಲ್ಲ. ಅದರಲ್ಲೇ ಇರುವ ಪರೀಕ್ಷೆಯ ಕೊಂಡಿಗೆ ತಂತಿ ಸಿಕ್ಕಿಸಿದೆ. ಚೌಕ ಚೌಕವಾಗಿ ಅಲೆ ಬರಬೇಕು. ತಂತಿ ಸೇರಿಸುವ ಎರಡು ಚಾನೆಲ್‌ಗಳಲ್ಲಿ ಮೊದಲನೆಯದರಲ್ಲಿ ಏನೂ ಇಲ್ಲ. ಎರಡನೆಯದರಲ್ಲಿ, ಚೊಕ್ಕವಾದ ಚೌಕಗಳು! "ಒಂದು ಕಣ್ಣು ಓಗೈತೆ ಸರ್, ಬೆಲೆ ಇಳಿಸಿ," ಅಂದೆ. "ಒಂದು ಕಣ್ಣಲ್ಲೂ ಲೋಕ ಕಾಣತ್ತಮ್ಮಾ," ಎಂದು ಗೊಣಗುತ್ತಲೇ ಇಳಿಸಿದರು. ಅಂಗಡಿಗೆ ಹೊಸ ಬೋರ್ಡು ಬರೆಸಲು ಕೂಡಿಟ್ಟಿದ್ದು ಅಲ್ಲಿಗೇ ಮುಗಿಯಿತು.

ಬೇತಮಂಗಲದ ಬಸ್ಸಿನಲ್ಲಿ ಅದನ್ನು ಕಂಬಳಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದೆ. "ಟಿವಿಗೆ ಲಗೇಜ್ ಆಕ್ತೀನಿ," ಅಂದ ಕಂಡಕ್ಟರ್. ಪ್ರತಿ ಹಳ್ಳಕ್ಕೂ ಅದನ್ನು ಅಪ್ಪಿ ಹಿಡಿಯುತ್ತಿದ್ದೆ. ಒಳಗೆ ಏನಾದರೂ ಸಡಿಲವಾದರೆ? ನಿಜ ಹೇಳಲೇ ದಾಸಣ್ಣ, ಅದು ಕೆಟ್ಟೇ ಹೋಗಲಿ ಎಂದೂ ಒಮ್ಮೆ ಅನ್ನಿಸಿತು.

ಮರುದಿನ ಬೆಳಗಿನ ಹಾಲು ಮುಗಿದ ಮೇಲೆ ಡೈರಿಯಲ್ಲಿ ಯಂತ್ರ ಬಿಚ್ಚಿ ಆಸಿಲೋಸ್ಕೋಪಿನ ತಂತಿ ಸಿಕ್ಕಿಸಿದೆ. ಪರದೆಯಲ್ಲಿ ನೇರ ಗೆರೆ ಬರಬೇಕಾದಲ್ಲಿ ಗರಗಸದ ಹಲ್ಲು. ನಾನು ಹಾಕಿದ ಕೆಪಾಸಿಟರೇ. ಕೆಲಸದ ಭಾರ ಬಿದ್ದಾಗ ಅದು ಕರೆಂಟನ್ನು ಒಂದೇ ಸಮ ಇಡುತ್ತಿರಲಿಲ್ಲ, ಅದಕ್ಕೇ ಕೊಬ್ಬಿನ ಅಂಕಿ ಏರಿಳಿಯುತ್ತಿತ್ತು. ಸುತ್ತ ನಿಂತವರಿಗೆ ಆ ಗೆರೆ ಅರ್ಥವಾಗದು. ಯಂತ್ರ ಹಳೆಯದು ಅಂದಿದ್ದರೆ ನಂಬುತ್ತಿದ್ದರು. "ತಪ್ಪು ರತ್ನಮ್ಮಂದಲ್ಲ. ನಾನು ಆಕಿರೋ ಸಾಮಾನು ಕೆಟ್ಟೈತೆ. ಸರಿಯಾಗೈತೆ ಅಂತ ಏಳಿದ್ದೂ ನಾನೇ," ಅಂದೆ. ಯಾರೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ರತ್ನಮ್ಮನ ಬಾಗಿಲಲ್ಲಿ ನಿಂತಾಗ ಅವಳು ಒಳಗಿನಿಂದಲೇ ಕೇಳಿದಳು: "ಗೊತ್ತಿಲ್ಲ ಅಂತ ಒಂದ್ ಮಾತು ಏಳೋಕೆ ನಿಂಗೇನಾಗಿತ್ಲೇ?"

ಬಂಗಾರಪೇಟೆಯಿಂದ ಹೊಸ ಕೆಪಾಸಿಟರ್ ತಂದು ಹಾಕಿದ ದಿನ ಅಧ್ಯಕ್ಷರೇ ಅವಳನ್ನು ಕರೆತಂದರು. ಅವಳು ಕೂತಳು, ಹಾಲು ಮುಟ್ಟಲಿಲ್ಲ. "ಮೊದ್ಲು ನಿನ್ನ ಗೆರೆ ತೋರ್ಸು," ಅಂದಳು. ತೋರಿಸಿದೆ. ನೇರವಾಗಿತ್ತು. ಅವಳು ಬಹಳ ಹೊತ್ತು ನೋಡಿ, ಆಮೇಲೆ ಹಾಲು ಸುರಿದಳು. ಈಗ ಪ್ರತಿ ಸೋಮವಾರ ಹೋಗಿ ತೋರಿಸಿ ಬರುತ್ತೇನೆ. ನೋಡುತ್ತಾಳೆ, ತಲೆಯಾಡಿಸುತ್ತಾಳೆ, ಬೇರೆ ಮಾತಿಲ್ಲ. ಅಂಗಡಿಗೂ ಜನ ಕಡಿಮೆ. ಮತ್ತೆ ಬರುತ್ತಾರೋ ಇಲ್ಲವೋ...

ಆದರೆ ಈ ಸೋಮವಾರ ನಾನು ತಂತಿ ಸುತ್ತಿಕೊಂಡು ಹೊರಡುವಾಗ, ಅವಳು ಬರೆಯುತ್ತಿದ್ದ ಪುಸ್ತಕದಿಂದ ತಲೆಯೆತ್ತದೆಯೇ ಒಂದು ಲೋಟ ನನ್ನತ್ತ ಸರಿಸಿ ಅಂದಳು: "ಕಾಪಿ ಆರೋಗ್ತೈತೆ. ಕುಡ್ದು ಓಗು."

ನಿಮ್ಮ
ಮಂಜುಳಾ